ಚೇಂಬರಿನ ಬಾಗಿಲು

ಚಿಕ್ಕಪ್ಪನ ಕೇಸಿನ ವಾದ ನಡೆಯಬೇಕಿದ್ದ ದಿನ ನಾನೂ ಅವರ ಜೊತೆ ಕೋರ್ಟಿಗೆ ಹೋಗಿದ್ದೆ. ಹಳೇ ಪಾಲುದಾರರಿಂದ ಬರಬೇಕಿದ್ದ ದುಡ್ಡಿನ ಕೇಸು ಅದು. ವಾಯಿದೆ ಮೇಲೆ ವಾಯಿದೆ ಬಿದ್ದು ಆರು ವರ್ಷ ಎಳೆದಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು ನಮ್ಮ ನಂಬರ್ ಕೂಗೋದನ್ನೇ ಕಾಯುತ್ತಿದ್ದೆವು. ಎದುರಿಗೇ ಜಡ್ಜ್ ಸಾಹೇಬರ ಚೇಂಬರ್. ಬಾಗಿಲಿಗೆ ಹಸಿರು ಪರದೆ.

ಆ ಪರದೆ ಸರಿಸಿಕೊಂಡು ಎದುರು ಪಕ್ಷದ ವಕೀಲರು ಹೊರಗೆ ಬಂದರು. ಒಳಗಿಂದ ಯಾರೋ ಏನೋ ಅಂದಿರಬೇಕು, ತಿರುಗಿ ನೋಡಿ ನಕ್ಕರು. ಕಂಕುಳಲ್ಲಿ ಒಂದು ಫೈಲು. ಪರದೆ ಮತ್ತೆ ಮುಚ್ಚಿಕೊಂಡಿತು. ಐದಾರು ಸೆಕೆಂಡು, ಅಷ್ಟೇ. ಚಿಕ್ಕಪ್ಪ ನನ್ನ ಮೊಣಕೈ ಒತ್ತಿ ಹಿಡಿದು, "ಮುಗೀತು ಕಣೋ ನಮ್ಮ ಕತೆ" ಅಂದರು.

ಹದಿನೈದು ದಿನ ಬಿಟ್ಟು ತೀರ್ಪು ಬಂತು. ಸೋತರು. ಅಪೀಲು ಹಾಕೋಣ ಅಂದರೆ ಕೇಳಲೇ ಇಲ್ಲ. "ಅಲ್ಲೂ ಒಂದು ಪರದೆ ಇರುತ್ತೆ ಬಿಡು" ಅಂದರು. ಆಮೇಲೆ ಹದಿನೆಂಟು ವರ್ಷ ಬದುಕಿದ್ದರು. ಕೋರ್ಟು ಅಂತ ಯಾರು ಬಾಯಿ ತೆಗೆದರೂ ಆ ಪರದೆ, ಆ ನಗು, ಆ ಫೈಲು ಬಂದೇ ಬರುತ್ತಿತ್ತು.

ಅವರು ಹೋದ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿ ತೀರ್ಪಿನ ನಕಲು ಸಿಕ್ಕಿತು. ಹನ್ನೊಂದು ಪುಟ. ಕೂತು ಓದಿದೆ. ದುಡ್ಡು ಬರಬೇಕಿದ್ದದ್ದು ನಿಜ ಅಂತ ಜಡ್ಜ್ ಒಪ್ಪಿದ್ದರು. ಪತ್ರ ನಿಜ, ಸಹಿ ನಿಜ. ಆದರೆ ದಾವೆ ಹಾಕುವ ಹೊತ್ತಿಗೆ ಕಾಲಮಿತಿ ಮುಗಿದು ನಾಲ್ಕು ತಿಂಗಳಾಗಿತ್ತು. ಯಾವ ಜಡ್ಜ್ ಕೂತಿದ್ದರೂ ಅದನ್ನೇ ಬರೆಯಬೇಕಿತ್ತು. ಆ ವಕೀಲರು ಚೇಂಬರಿನ ಹತ್ತಿರ ಸುಳಿಯದೇ ಇದ್ದಿದ್ದರೂ ಚಿಕ್ಕಪ್ಪ ಸೋಲುತ್ತಿದ್ದರು. ಅವರು ಒಳಗೆ ಹೋಗಿದ್ದು ಬೇರೆ ಯಾವುದೋ ಕೇಸಿನ ಸಹಿಗೋ, ವಕೀಲರ ಸಂಘದ ಸಮಾರಂಭಕ್ಕೆ ಕರೆಯೋಕೋ ಇರಬಹುದು.

ಹಾಗಾದರೆ ಆ ಜಡ್ಜ್ ತಪ್ಪು ಮಾಡಲಿಲ್ಲವಾ? ಮಾಡಿದರು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ತೀರ್ಪು ಸರಿ, ನಡತೆ ಸರಿಯಿಲ್ಲ. ಎರಡೂ ಒಟ್ಟಿಗೆ ಇರಬಹುದು ಅನ್ನೋದು ತಲೆಗೆ ಹತ್ತೋಕೆ ನನಗೆ ವರ್ಷಗಳೇ ಬೇಕಾದವು.

"ನ್ಯಾಯ ಸಿಕ್ಕರೆ ಸಾಲದು, ಸಿಕ್ಕಿದ್ದು ಕಣ್ಣಿಗೂ ಕಾಣಬೇಕು" ಅನ್ನುವ ಮಾತು ಎಲ್ಲರೂ ಕೇಳಿರುತ್ತೇವೆ. ಭಾಷಣಗಳಲ್ಲಿ ಸವೆದು ಹೋದ ಮಾತು. ಅದು ಹುಟ್ಟಿದ ಕೇಸು ಮಾತ್ರ ತೀರಾ ಚಿಕ್ಕದು. 1923, ಇಂಗ್ಲೆಂಡಿನ ಸಸೆಕ್ಸ್. ಮೋಟಾರ್‌ಸೈಕಲ್ ಸವಾರನೊಬ್ಬ ಅಪಘಾತ ಮಾಡಿದ್ದ. ಸ್ಥಳೀಯ ಮ್ಯಾಜಿಸ್ಟ್ರೇಟರು ದಂಡ ಹಾಕಿದರು. ಅದಕ್ಕೂ ಮುಂಚೆ ಯೋಚನೆ ಮಾಡಲು ಅವರು ಒಳಕೋಣೆಗೆ ಎದ್ದು ಹೋದಾಗ ಕೋರ್ಟಿನ ಗುಮಾಸ್ತರೂ ಹಿಂದೆಯೇ ಹೋಗಿದ್ದರು. ಕಾನೂನಿನ ಸಂದೇಹ ಬಂದರೆ ಹೇಳೋಕೆ ಅಂತ ಹಾಗೆ ಹೋಗುವುದು ಅಲ್ಲಿ ರೂಢಿ. ಆದರೆ ಆ ಗುಮಾಸ್ತರ ವಕೀಲಿ ಸಂಸ್ಥೆ ಅದೇ ಅಪಘಾತದ ಪರಿಹಾರಕ್ಕಾಗಿ ಅದೇ ಸವಾರನ ವಿರುದ್ಧ ಇನ್ನೊಂದು ಕಡೆ ಕೇಸು ನಡೆಸುತ್ತಿತ್ತು.

ಗುಮಾಸ್ತರು ಒಳಗೆ ಒಂದು ಮಾತೂ ಆಡಲಿಲ್ಲ. ನಾವು ಅವರನ್ನು ಏನೂ ಕೇಳಲಿಲ್ಲ ಅಂತ ಮ್ಯಾಜಿಸ್ಟ್ರೇಟರು ಪ್ರಮಾಣಪತ್ರ ಹಾಕಿದರು. ಮೇಲಿನ ಕೋರ್ಟು ಅದನ್ನು ನಂಬಿತು ಕೂಡ. ನಂಬಿಯೂ ಶಿಕ್ಷೆ ರದ್ದು ಮಾಡಿತು. ಒಳಗೆ ಏನಾಯಿತು ಅನ್ನೋದಕ್ಕಿಂತ, ಹೊರಗೆ ಕೂತವನಿಗೆ ಏನು ಅನ್ನಿಸಿರಬೇಕು ಅನ್ನೋದೇ ಮುಖ್ಯ ಅಂದರು ಮುಖ್ಯ ನ್ಯಾಯಮೂರ್ತಿ ಲಾರ್ಡ್ ಹ್ಯೂವರ್ಟ್. ಅಲ್ಲಿ ಹುಟ್ಟಿದ್ದು ಆ ಸವೆದ ಮಾತು. (ತಮಾಷೆ ಅಂದರೆ ಈ ಹ್ಯೂವರ್ಟ್ ಸಾಹೇಬರೇ ವಾದ ಪೂರ್ತಿ ಕೇಳುವ ಮುಂಚೆ ಒಂದು ಪಕ್ಷ ಹಿಡಿದುಬಿಡುತ್ತಾರೆ ಅನ್ನುವ ಕೆಟ್ಟ ಹೆಸರು ಪಡೆದವರು. ಒಳ್ಳೆ ನಿಯಮ ಒಳ್ಳೆಯವರ ಬಾಯಿಂದಲೇ ಬರಬೇಕು ಅಂತೇನೂ ಇಲ್ಲ ನೋಡಿ.)

ಆ ಕೇಸು ಓದಿದಾಗ ಹಸಿರು ಪರದೆ ಕಣ್ಣೆದುರು ಬಂತು. ಚಿಕ್ಕಪ್ಪನ ಕೋಪಕ್ಕೆ ಕಾನೂನಿನಲ್ಲೂ ಒಂದು ಜಾಗ ಇದೆ ಅಂತ ಗೊತ್ತಾಗಿದ್ದು ಆಗಲೇ.

ಇದಕ್ಕಿಂತ ಹಳೆಯದು 1852ರ ಕಾಲುವೆ ಕೇಸು. ಗ್ರಾಂಡ್ ಜಂಕ್ಷನ್ ಅನ್ನುವ ಕಾಲುವೆ ಕಂಪನಿಯ ಪರವಾಗಿ ಇಂಗ್ಲೆಂಡಿನ ಲಾರ್ಡ್ ಚಾನ್ಸೆಲರ್, ಅಂದರೆ ಅಲ್ಲಿನ ಅತಿ ಹಿರಿಯ ನ್ಯಾಯಾಧಿಕಾರಿ, ಕಾಟನ್‌ಹ್ಯಾಮ್ ಆದೇಶ ಕೊಟ್ಟಿದ್ದರು. ಅದೇ ಕಂಪನಿಯಲ್ಲಿ ಅವರ ಶೇರುಗಳಿದ್ದವು. ಅಷ್ಟು ದೊಡ್ಡ ಮನುಷ್ಯ ಶೇರಿನ ಆಸೆಗೆ ತೀರ್ಪು ಕೊಡುತ್ತಾರೆ ಅಂತ ಯಾರೂ ಅನ್ನಲಿಲ್ಲ. ತೀರ್ಪು ರದ್ದು ಮಾಡಿದ ನ್ಯಾಯಾಧೀಶರೇ ಹಾಗೆ ಅನ್ನಲು ಸಾಧ್ಯವಿಲ್ಲ ಅಂತ ಬರೆದರು. ಬರೆದು, ರದ್ದು ಮಾಡಿದರು.

ನನಗೆ ತುಂಬಾ ಹಿಡಿಸಿದ್ದು ಪಿನೋಚೆ ಕೇಸು. ಚಿಲಿ ದೇಶದ ಮಾಜಿ ಸರ್ವಾಧಿಕಾರಿ ಪಿನೋಚೆ 1998ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಬಂಧನಕ್ಕೆ ಒಳಗಾದರು. ಹಿಂಸೆ, ಕೊಲೆಯ ಆರೋಪದ ಮೇಲೆ ಸ್ಪೇನ್ ದೇಶ ಅವರನ್ನು ತನಗೆ ಒಪ್ಪಿಸಿ ಅಂತ ಕೇಳುತ್ತಿತ್ತು. ಹಿಂದೆ ದೇಶದ ಮುಖ್ಯಸ್ಥರಾಗಿದ್ದವರಿಗೆ ಇಂಥ ಕೇಸುಗಳಿಂದ ರಕ್ಷಣೆ ಇದೆಯಾ ಇಲ್ಲವಾ ಅನ್ನೋದು ಪ್ರಶ್ನೆ. ನವೆಂಬರ್ 25ರಂದು ಐವರು ನ್ಯಾಯಾಧೀಶರಲ್ಲಿ ಮೂವರು ಇಲ್ಲ ಅಂದರು, ಇಬ್ಬರು ಇದೆ ಅಂದರು. ಆ ಮೂವರಲ್ಲಿ ಲಾರ್ಡ್ ಹಾಫ್‌ಮನ್ ಒಬ್ಬರು. ಬಹಳ ಬುದ್ಧಿವಂತ ನ್ಯಾಯಾಧೀಶ ಅಂತ ಹೆಸರು.

ಆ ಕೇಸಿನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಅನ್ನುವ ಮಾನವ ಹಕ್ಕುಗಳ ಸಂಸ್ಥೆ ಕೂಡ ಅನುಮತಿ ಪಡೆದು ವಾದ ಮಾಡಿತ್ತು. ಹಾಫ್‌ಮನ್ ಅದೇ ಬಳಗದ ಒಂದು ದತ್ತಿ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಸಂಬಳ ಇಲ್ಲದ ಹುದ್ದೆ. ಹೆಂಡತಿ ಆಮ್ನೆಸ್ಟಿಯ ಆಫೀಸಿನಲ್ಲೇ ಕೆಲಸಕ್ಕಿದ್ದರು. ಪಿನೋಚೆ ಕಡೆಯವರಿಗೆ ಕೋರ್ಟಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಗೊತ್ತಾದ ತಕ್ಷಣ ಗಲಾಟೆ ಆಯಿತು. ಡಿಸೆಂಬರ್ 17ರಂದು ಆ ತೀರ್ಪನ್ನು ಬದಿಗಿಟ್ಟರು. ದೇಶದ ಅತಿ ದೊಡ್ಡ ಕೋರ್ಟು ತನ್ನದೇ ತೀರ್ಪನ್ನು ಮೂರೇ ವಾರದಲ್ಲಿ ಅಳಿಸಬೇಕಾಗಿ ಬಂತು. ಏಳು ಜನರ ಹೊಸ ಪೀಠ ಕೂತು ಮತ್ತೆ ಎಲ್ಲವನ್ನೂ ಕೇಳಿತು. 1999ರ ಮಾರ್ಚ್‌ನಲ್ಲಿ ಅದು ಹೇಳಿದ್ದೂ ಹೆಚ್ಚುಕಮ್ಮಿ ಅದೇ, ಪೂರ್ತಿ ರಕ್ಷಣೆ ಇಲ್ಲ ಅಂತ. ಆರೋಪಗಳ ಪಟ್ಟಿ ಮಾತ್ರ ಚಿಕ್ಕದಾಯಿತು.

ಮೊದಲ ದಿನ ಹಾಫ್‌ಮನ್ ಒಂದು ಸಾಲು ಹೇಳಿದ್ದರೆ ಸಾಕಿತ್ತು. "ನನಗೆ ಈ ಸಂಸ್ಥೆಯ ಜೊತೆ ಇಂಥ ನಂಟಿದೆ." ಆ ಒಂದು ಸಾಲಿನ ಬದಲು ಮತ್ತೆ ವಾರಗಟ್ಟಲೆ ವಾದ, ಇನ್ನೂ ಏಳು ನ್ಯಾಯಾಧೀಶರು, ಜಗತ್ತಿನ ಪತ್ರಿಕೆಗಳ ಮುಂದೆ ಮುಜುಗರ.

ಜಡ್ಜುಗಳ ನಡತೆ ಅಂದ ತಕ್ಷಣ ನಮಗೆ ಮೊದಲು ನೆನಪಾಗೋದು ಲಂಚ. ಅದರಲ್ಲೂ ಒಂದು ವಿಚಿತ್ರ ಇದೆ. 1621ರಲ್ಲಿ ಇಂಗ್ಲೆಂಡಿನ ಲಾರ್ಡ್ ಚಾನ್ಸೆಲರ್ ಫ್ರಾನ್ಸಿಸ್ ಬೇಕನ್ ಸಿಕ್ಕಿಬಿದ್ದರು. ತತ್ವಜ್ಞಾನಿ ಬೇಕನ್ ಅಂತ ನಾವು ಓದುವವರೇ. ಕೇಸು ನಡೆಯುತ್ತಿರುವಾಗಲೇ ಕಕ್ಷಿದಾರರಿಂದ ದುಡ್ಡು, ಉಡುಗೊರೆ ತಗೊಂಡರು ಅಂತ ಆರೋಪ. ಮೊದಲು ದೂರು ಕೊಟ್ಟವರು ಯಾರು ಗೊತ್ತಾ? ಕೊಟ್ಟೂ ಸೋತವರು! ತಗೊಂಡಿದ್ದು ನಿಜ, ಆದರೆ ಅದಕ್ಕಾಗಿ ನ್ಯಾಯ ಮಾರಲಿಲ್ಲ ಅನ್ನೋದು ಬೇಕನ್ ಅವರ ನಿಲುವು. ಅದು ನಿಜವೇ ಇರಬಹುದು. ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. 40,000 ಪೌಂಡ್ ದಂಡ ಹಾಕಿದರು, ಇನ್ನು ಯಾವ ಸರ್ಕಾರಿ ಹುದ್ದೆಯೂ ಕೂಡದು ಅಂದರು. ದಂಡ ಆಮೇಲೆ ರಾಜ ಮಾಫಿ ಮಾಡಿದ, ಅದು ಬೇರೆ ಮಾತು.

ಬಾಯಿಯ ವಿಷಯ ಇನ್ನೂ ಕಷ್ಟದ್ದು. ಕೆನಡಾದಲ್ಲಿ 2014ರಲ್ಲಿ ರಾಬಿನ್ ಕ್ಯಾಂಪ್ ಅನ್ನುವ ಜಡ್ಜ್ ಅತ್ಯಾಚಾರದ ಕೇಸೊಂದನ್ನು ಕೇಳುತ್ತಿದ್ದರು. ದೂರು ಕೊಟ್ಟ ಹುಡುಗಿಗೆ 19 ವರ್ಷ. ಮೊಣಕಾಲು ಒತ್ತಿ ಹಿಡಿದುಕೊಳ್ಳೋಕೆ ಆಗಲಿಲ್ಲವಾ ಅನ್ನುವ ಅರ್ಥದ ಪ್ರಶ್ನೆಯನ್ನು ಅವಳಿಗೆ ಪೀಠದಿಂದಲೇ ಕೇಳಿದರು. ವಿಚಾರಣೆಯಲ್ಲಿ ಹಲವು ಸಲ ಅವಳನ್ನೇ "ಆರೋಪಿ" ಅಂದರು. ಆರೋಪಿಯನ್ನು ಬಿಡುಗಡೆ ಮಾಡಿದರು. ಮೇಲಿನ ಕೋರ್ಟು ಆ ತೀರ್ಪು ತಳ್ಳಿಹಾಕಿ ಬೇರೆ ಜಡ್ಜ್ ಮುಂದೆ ಹೊಸದಾಗಿ ವಿಚಾರಣೆ ಮಾಡಿಸಿತು. 2017ರ ಜನವರಿಯಲ್ಲಿ ಆ ಬೇರೆ ಜಡ್ಜ್ ಕೂಡ ಆರೋಪಿಯನ್ನು ಬಿಡುಗಡೆಯನ್ನೇ ಮಾಡಿದರು. ಆದರೂ ಮಾರ್ಚ್‌ನಲ್ಲಿ ನ್ಯಾಯಾಧೀಶರ ಮಂಡಳಿ ಕ್ಯಾಂಪ್ ಅವರನ್ನು ತೆಗೆದುಹಾಕಬೇಕು ಅಂತ ಶಿಫಾರಸು ಮಾಡಿತು, ಅವರು ರಾಜೀನಾಮೆ ಕೊಟ್ಟರು. ಎರಡು ವಿಚಾರಣೆಯ ಫಲಿತಾಂಶ ಒಂದೇ. ಆದರೆ ಎರಡನೇ ಸಲ ಆ ಹುಡುಗಿಯನ್ನು ಸಾಕ್ಷಿಯಾಗಿ ನೋಡಿದರು. ಮೊದಲ ಸಲ ಬೈದರು.

ತಡ ಮಾಡುವುದೂ ನಡತೆಯ ವಿಷಯವೇ. ನಾವು ಅದನ್ನು ಹಾಗೆ ನೋಡಲ್ಲ, "ಕೋರ್ಟು ಅಂದರೆ ಹಾಗೇ" ಅಂತ ಸುಮ್ನಾಗುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಂವಿಧಾನದಲ್ಲಿ ಒಂದು ಸೊಗಸಾದ ಸಾಲಿದೆ. ತೀರ್ಪಿಗೆ ಅಂತ ಇಟ್ಟುಕೊಂಡ ಕೇಸು 90 ದಿನ ದಾಟಿ ಬಾಕಿ ಉಳಿದಿದ್ದರೆ ಆ ಜಡ್ಜ್ ಸಂಬಳ ತಗೊಳ್ಳುವ ಹಾಗಿಲ್ಲ. ಭಾರತದ ಸುಪ್ರೀಂ ಕೋರ್ಟ್ ಕೂಡ 2001ರಲ್ಲಿ ಅನಿಲ್ ರಾಯ್ ಕೇಸಿನಲ್ಲಿ ಹೈಕೋರ್ಟುಗಳಿಗೆ ದಾರಿ ಹಾಕಿಕೊಟ್ಟಿತು. ಮೂರು ತಿಂಗಳಲ್ಲಿ ತೀರ್ಪು ಬರದಿದ್ದರೆ ಬೇಗ ಕೊಡಿ ಅಂತ ಅರ್ಜಿ ಹಾಕಬಹುದು. ಆರು ತಿಂಗಳಾದರೆ ಬೇರೆ ಪೀಠಕ್ಕೆ ಕೊಡಿ ಅಂತ ಕೇಳಬಹುದು. ಕ್ಯಾಲಿಫೋರ್ನಿಯಾದ ಮದ್ದು ನನಗೆ ಜಾಸ್ತಿ ಇಷ್ಟ.

ಇಷ್ಟೆಲ್ಲ ಹೇಳಿ ಇನ್ನೊಂದು ಮುಖ ಹೇಳದಿದ್ದರೆ ಮೋಸ ಆಗುತ್ತದೆ. ತೀರ್ಪು ತಪ್ಪಾಯಿತು ಅನ್ನುವ ಒಂದೇ ಕಾರಣಕ್ಕೆ ಜಡ್ಜ್ ಮೇಲೆ ಶಿಸ್ತು ಕ್ರಮ ಆಗಬಾರದು. ತಪ್ಪು ತೀರ್ಪಿಗೆ ಮದ್ದು ಅಪೀಲು. ಸೋತವರೆಲ್ಲ ದೂರು ಕೊಡುತ್ತಾ ಹೋದರೆ, ಪ್ರತಿ ಸಹಿ ಹಾಕುವಾಗಲೂ ಜಡ್ಜ್ ತನ್ನ ನೌಕರಿ ನೆನೆಯಬೇಕಾಗುತ್ತದೆ. ಆಗ ಗೆಲ್ಲೋದು ಜೋರು ಇರುವವರು, ಚಿಕ್ಕಪ್ಪನಂಥವರಲ್ಲ. ಅಮೆರಿಕದ ಫೆಡರಲ್ (ಅಂದರೆ ಕೇಂದ್ರದ ಕೋರ್ಟುಗಳ) ಜಡ್ಜುಗಳ ಮೇಲಿನ ದೂರಿಗೆ 1980ರ ಕಾನೂನು ಇದೆ. ದೂರು ನೇರವಾಗಿ ತೀರ್ಪಿನ ಸರಿತಪ್ಪಿನ ಬಗ್ಗೆ ಇದ್ದರೆ ಅಲ್ಲೇ ವಜಾ ಮಾಡಬಹುದು ಅಂತ ಅದು ಹೇಳುತ್ತದೆ.

ಹಾಗಾದರೆ ಜಡ್ಜ್‌ಗೆ ಬುದ್ಧಿ ಹೇಳುವವರು ಯಾರು? ಹಳೇ ಪರ್ಷಿಯಾದ ಕತೆಯೊಂದಿದೆ. ಸಿಸಾಮ್ನೆಸ್ ಅನ್ನುವ ಜಡ್ಜ್ ಲಂಚ ತಿಂದ. ರಾಜ ಕ್ಯಾಂಬಿಸಸ್ ಅವನ ಚರ್ಮ ಸುಲಿಸಿ, ಅದನ್ನೇ ನ್ಯಾಯಪೀಠದ ಕುರ್ಚಿಗೆ ಹೊದಿಸಿದ. ಆಮೇಲೆ ಅವನ ಮಗನನ್ನೇ ಆ ಕುರ್ಚಿಯ ಮೇಲೆ ಕೂರಿಸಿ, ಎಲ್ಲಿ ಕೂತಿದ್ದೀಯ ಅಂತ ನೆನಪಿಟ್ಟುಕೋ ಅಂದ. ಗೆರಾರ್ಡ್ ಡೇವಿಡ್ ಅನ್ನುವ ಚಿತ್ರಕಾರ 1498ರಲ್ಲಿ ಇದನ್ನು ಬರೆದ. ಯುರೋಪಿನ ಬ್ರೂಜ್ ಪಟ್ಟಣದ ಪುರಭವನದಲ್ಲಿ, ನ್ಯಾಯ ಹೇಳುವವರ ಕಣ್ಣಿಗೆ ಬೀಳುವ ಹಾಗೆ ಅದನ್ನು ತೂಗುಹಾಕಿದ್ದರು. ಕತೆ ಕೇಳಿದವರು ಮಗ ಲಂಚ ಮುಟ್ಟುವುದಿಲ್ಲ ಅಂತ ಖುಷಿಪಡುತ್ತಾರೆ. ನನಗೆ ಬರುವ ಯೋಚನೆ ಬೇರೆ. ನಾಳೆ ರಾಜನ ವಿರುದ್ಧವೇ ಒಂದು ಕೇಸು ಬಂದರೆ, ಅಪ್ಪನ ಚರ್ಮದ ಮೇಲೆ ಕೂತ ಆ ಮಗ ಏನು ಮಾಡುತ್ತಾನೆ?

ರಾಜನ ಕೈಯಿಂದ ಈ ಅಧಿಕಾರ ಕಿತ್ತುಕೊಳ್ಳೋಕೆ ಶತಮಾನಗಳು ಬೇಕಾದವು. ಇಂಗ್ಲೆಂಡಿನ 1701ರ ಕಾನೂನು, ನಡತೆ ಸರಿಯಿರುವವರೆಗೆ ಜಡ್ಜ್ ಹುದ್ದೆಯಲ್ಲಿರಬಹುದು, ತೆಗೆಯಬೇಕಾದರೆ ಸಂಸತ್ತಿನ ಎರಡೂ ಮನೆ ಹೇಳಬೇಕು ಅಂದಿತು. ಕೋಟೆ ಎಷ್ಟು ಭದ್ರ ಆಯಿತು ಅಂದರೆ, ಆ ದಾರಿಯಲ್ಲಿ ಇಲ್ಲಿಯವರೆಗೆ ಹುದ್ದೆ ಕಳಕೊಂಡವರು ಒಬ್ಬರೇ, 1830ರಲ್ಲಿ ಐರ್ಲೆಂಡಿನ ಜೋನಾ ಬ್ಯಾರಿಂಗ್ಟನ್. ಕೋರ್ಟಿಗೆ ಕಟ್ಟಿದ್ದ ದುಡ್ಡು ನುಂಗಿದ್ದರು. ಅಮೆರಿಕದಲ್ಲಿ ಸೆನೆಟ್ ತೆಗೆದುಹಾಕಿದ ಫೆಡರಲ್ ಜಡ್ಜುಗಳು ಎಂಟು. ಅವರಲ್ಲಿ ಒಬ್ಬರು ಆಲ್ಸಿ ಹೇಸ್ಟಿಂಗ್ಸ್, 1989ರಲ್ಲಿ ಹುದ್ದೆ ಹೋಯಿತು. ಮುಂದೆ ಚುನಾವಣೆಗೆ ನಿಂತು, ತಮ್ಮ ಮೇಲೆ ಆರೋಪ ಹೊರಿಸಿದ್ದ ಅದೇ ಕೆಳಮನೆಗೆ ಸದಸ್ಯರಾಗಿ ಹೋದರು. ಮತದಾರರ ಲೆಕ್ಕ ಬೇರೆ, ಏನು ಮಾಡೋದು.

ಭಾರತದಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಪ್ರಸಂಗ ಇದೆ. ಪಂಜಾಬ್-ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಮನೆಗೆ, ಕಚೇರಿಗೆ ಅಂತ ಮಾಡಿದ ಖರ್ಚಿನ ಮೇಲೆ ಆರೋಪ. ವಿಚಾರಣಾ ಸಮಿತಿ 14 ಆರೋಪಗಳಲ್ಲಿ 11 ಸಾಬೀತಾದವು ಅಂದಿತು. 1993ರ ಮೇ ತಿಂಗಳಲ್ಲಿ ಲೋಕಸಭೆಯಲ್ಲಿ ಮತಕ್ಕೆ ಬಂತು. ತೆಗೆಯಬೇಕು ಅಂದವರು 196. ಬೇಡ ಅಂದವರು ಒಬ್ಬರೂ ಇಲ್ಲ. 205 ಜನ ಮತವನ್ನೇ ಹಾಕಲಿಲ್ಲ. ಒಟ್ಟು ಸದಸ್ಯರ ಬಹುಮತ ಬೇಕಿತ್ತು, ಸಿಗಲಿಲ್ಲ, ನಿರ್ಣಯ ಬಿತ್ತು. ಯಾರೂ ಬೇಡ ಅನ್ನದೇ ಒಂದು ನಿರ್ಣಯ ಬಿದ್ದುಹೋಯಿತು!

ತೆಗೆದುಹಾಕೋದು ಅಂದರೆ ಕೊಡಲಿ. ಪರದೆ ಸರಿಸಿಕೊಂಡು ಹೊರಗೆ ಬಂದ ನಗುವಿಗೆ ಕೊಡಲಿ ಎತ್ತೋಕಾಗಲ್ಲ. ಅದಕ್ಕೇ ನಡತೆಯ ಸಂಹಿತೆಗಳು ಬಂದವು. ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 1997ರಲ್ಲಿ ತಮಗೆ ತಾವೇ 16 ಅಂಶಗಳ ಒಂದು ಪಟ್ಟಿ ಮಾಡಿಕೊಂಡರು. 2001ರಲ್ಲಿ ಹಲವು ದೇಶಗಳ ಮುಖ್ಯ ನ್ಯಾಯಮೂರ್ತಿಗಳು ಬೆಂಗಳೂರಿನಲ್ಲಿ ಸೇರಿ ಒಂದು ಕರಡು ಬರೆದರು. ಮುಂದಿನ ವರ್ಷ ಹೇಗ್ ನಗರದಲ್ಲಿ ಅದನ್ನು ತಿದ್ದಿದರು. ಅದಕ್ಕೆ ಬೆಂಗಳೂರು ತತ್ವಗಳು ಅಂತಲೇ ಹೆಸರು ಉಳಿದಿದೆ. ಸಾಮಾನ್ಯ ಮನುಷ್ಯನಿಗೆ ಹೊರೆ ಅನ್ನಿಸುವ ಕಟ್ಟುಪಾಡುಗಳನ್ನು ಜಡ್ಜ್ ಮನಸಾರೆ ಒಪ್ಪಿಕೊಳ್ಳಬೇಕು ಅಂತ ಅದರಲ್ಲಿ ಒಂದು ಮಾತಿದೆ. ಯಾರ ಮನೆಗೆ ಹೋಗಬೇಕು, ಯಾರ ಉಡುಗೊರೆ ತಗೋಬಾರದು, ಎಲ್ಲಿ ಬಾಯಿ ಮುಚ್ಚಬೇಕು, ಎಲ್ಲವೂ ಅದರೊಳಗೆ ಬರುತ್ತವೆ. ಒಂಟಿ ಬದುಕು ಅದು. ಒಪ್ಪದವರು ವಕೀಲಿಕೆಯಲ್ಲೇ ಇರಬಹುದು, ಅಲ್ವಾ?

ಅಮೆರಿಕದ ಸುಪ್ರೀಂ ಕೋರ್ಟಂತೂ 2023ರ ನವೆಂಬರ್‌ವರೆಗೆ ಲಿಖಿತ ಸಂಹಿತೆಯೇ ಇಲ್ಲದೆ ನಡೆಯಿತು. ಈಗ ಇದೆ. ಮುರಿದರೆ ಏನು ಮಾಡಬೇಕು ಅನ್ನುವ ವ್ಯವಸ್ಥೆ ಮಾತ್ರ ಅದರಲ್ಲಿ ಇಲ್ಲ. ಕೇಸಿನಿಂದ ಹಿಂದೆ ಸರಿಯಬೇಕಾ ಬೇಡವಾ ಅನ್ನೋದನ್ನು ಆಯಾ ನ್ಯಾಯಮೂರ್ತಿಯೇ ತೀರ್ಮಾನಿಸುತ್ತಾರೆ. ಇದು ನನಗೆ ಒಪ್ಪಿಗೆಯಾಗಲ್ಲ. ನನ್ನ ಮೇಲಿನ ಅನುಮಾನ ಸರಿಯಾ ಅಂತ ನಾನೇ ಕೂತು ತೀರ್ಪು ಕೊಡೋದು ಹೇಗೆ? ಆ ಒಂದು ಪ್ರಶ್ನೆ ಪಕ್ಕದ ಕೋಣೆಯ ಇನ್ನೊಬ್ಬ ಜಡ್ಜ್ ಕೈಗೆ ಹೋಗಲಿ. ಹಾಗಂತ ಕೇಳಿದ ತಕ್ಷಣ ಎದ್ದು ಹೋಗುವುದೂ ತಪ್ಪು. ಬೇಡದ ಜಡ್ಜನ್ನು ಓಡಿಸೋಕೆ ಸುಳ್ಳು ನಂಟು ಹುಡುಕುವವರಿದ್ದಾರೆ. ಬಿಸಿ ಕೇಸು ಬಂದಾಗ ತಪ್ಪಿಸಿಕೊಳ್ಳೋಕೆ ನೆಪ ಹುಡುಕುವ ಜಡ್ಜುಗಳೂ ಇರಬಹುದು.

ನೋಡಿದವರು ಸುಮ್ಮನಿದ್ದರೆ ಯಾವ ಸಂಹಿತೆಯೂ ಕೆಲಸಕ್ಕೆ ಬರಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲೂಜರ್ನ್ ಕೌಂಟಿಯಲ್ಲಿ ಇಬ್ಬರು ಜಡ್ಜುಗಳು, ಮಕ್ಕಳನ್ನು ಕೂಡಿಹಾಕುವ ಖಾಸಗಿ ಕೇಂದ್ರದ ಕಡೆಯವರಿಂದ 28 ಲಕ್ಷ ಡಾಲರ್ ತಗೊಂಡರು. ಅವರಲ್ಲಿ ಒಬ್ಬ, ಮಾರ್ಕ್ ಸಿಯಾವರೆಲ್ಲಾ, ಮಕ್ಕಳ ಕೇಸು ಕೇಳುತ್ತಿದ್ದವನು. ಶಾಲೆಯ ಉಪಪ್ರಾಂಶುಪಾಲರನ್ನು ಗೇಲಿ ಮಾಡಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದ್ದ ಹುಡುಗಿಗೆ ಅವನು ಮೂರು ತಿಂಗಳು ಹಾಕಿದ. ಎಷ್ಟೋ ಮಕ್ಕಳಿಗೆ ವಕೀಲರೇ ಇರಲಿಲ್ಲ. ಕೆಲವು ನಿಮಿಷಗಳಲ್ಲಿ ವಿಚಾರಣೆ ಮುಗಿಯುತ್ತಿತ್ತು. ಕೊನೆಗೆ ಸಾವಿರಾರು ಮಕ್ಕಳ ಮೇಲಿನ ಆದೇಶ ರದ್ದಾಯಿತು, 2011ರಲ್ಲಿ ಅವನಿಗೆ 28 ವರ್ಷ ಶಿಕ್ಷೆಯಾಯಿತು. ಇನ್ನೊಬ್ಬ ಜಡ್ಜ್ ಮೇಲೆ 2006ರಲ್ಲೇ ಶಿಸ್ತು ಮಂಡಳಿಗೆ ಹೆಸರಿಲ್ಲದ ದೂರೊಂದು ಹೋಗಿತ್ತು. ಮಂಡಳಿ ಏನೂ ಮಾಡಲಿಲ್ಲ. ಆ ಕೋರ್ಟಿನಲ್ಲಿ ದಿನಾ ಗುಮಾಸ್ತರು ಇದ್ದರು, ಸರ್ಕಾರಿ ವಕೀಲರು ಇದ್ದರು. ಕೈಕೋಳ ತೊಟ್ಟು ಹೋಗುವ ಮಕ್ಕಳನ್ನು ಎಲ್ಲರೂ ನೋಡುತ್ತಿದ್ದರು.

ಕೆಲವು ವರ್ಷದ ಹಿಂದೆ ಒಂದು ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿ ನಾನು ಇನ್ನೊಂದು ಕೋರ್ಟಿನಲ್ಲಿ ಕೂತಿದ್ದೆ. ನನ್ನ ನಂಬರ್ ಇನ್ನೂ ದೂರ ಇತ್ತು. ಬೇರೆ ಯಾವುದೋ ಕೇಸು ಕರೆದರು. ಜಡ್ಜ್ ಹೆಂಗಸು. ಫೈಲು ತೆರೆದವರು ಮುಚ್ಚಿ, ಕನ್ನಡಕ ತೆಗೆದು, "ಒಂದು ನಿಮಿಷ" ಅಂದರು. "ಪ್ರತಿವಾದಿ ಕಡೆ ವಕೀಲರು ಹಿಂದೆ ಎರಡು ವರ್ಷ ನನ್ನ ಆಫೀಸಿನಲ್ಲಿ ಜೂನಿಯರ್ ಆಗಿದ್ದರು. ನಾನು ಜಡ್ಜ್ ಆಗುವ ಮುಂಚೆ. ಯಾರಿಗಾದರೂ ಇದರಿಂದ ತೊಂದರೆ ಅನ್ನಿಸಿದರೆ ಈಗಲೇ ಹೇಳಿ. ಬೇರೆ ಕೋರ್ಟಿಗೆ ಕಳಿಸಲು ಬರೆಯುತ್ತೇನೆ. ನನಗೇನೂ ಬೇಜಾರಿಲ್ಲ."

ವಾದಿ ಒಬ್ಬ ವಯಸ್ಸಾದ ಮನುಷ್ಯ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬಾ ಕಾಗದ. ಅವರ ವಕೀಲರು "ಆಕ್ಷೇಪಣೆ ಇಲ್ಲ ಮೇಡಂ" ಅಂತ ಅರ್ಧ ಎದ್ದರು. ಜಡ್ಜ್ ಕೈಯೆತ್ತಿ ತಡೆದರು. "ನೀವಲ್ಲ, ಅವರನ್ನು ಕೇಳಿ. ಹೊರಗೆ ಕರಕೊಂಡು ಹೋಗಿ ಅವರಿಗೆ ಅರ್ಥ ಆಗೋ ಹಾಗೆ ಹೇಳಿ. ಐದು ನಿಮಿಷ ತಗೊಳ್ಳಿ, ಪರವಾಗಿಲ್ಲ."

ಇಬ್ಬರೂ ಹೊರಗೆ ಹೋದರು. ಅಷ್ಟರಲ್ಲಿ ಇನ್ನೆರಡು ಕೇಸಿಗೆ ವಾಯಿದೆ ಬಿತ್ತು. ವಾಪಸ್ ಬಂದ ಅಜ್ಜ ನೇರವಾಗಿ ಪೀಠವನ್ನೇ ನೋಡಿ, "ಇರಲಿ ತಾಯಿ, ನೀವೇ ನೋಡಿ" ಅಂದರು. ಜಡ್ಜ್ ತಲೆಯಾಡಿಸಿ, ತಾವು ಹೇಳಿದ್ದನ್ನೂ ಅಜ್ಜ ಹೇಳಿದ್ದನ್ನೂ ಆರ್ಡರ್ ಶೀಟಿಗೆ ಬರೆಸಿದರು. ಸ್ಟೆನೋ ಟೈಪ್ ಮಾಡುವ ಸದ್ದು ನಿಂತ ಮೇಲೆ ದಫೇದಾರ ಮುಂದಿನ ನಂಬರ್ ಕೂಗಿದ.